ಹಾಸು, ಹೊಕ್ಕು, ಪಿಕ್ಸೆಲ್

ಈ ಪೆನ್ನಿಗೆ ಸೆಲ್ ಇಲ್ಲ, ವೈರ್ ಇಲ್ಲ, ರಾತ್ರಿ ಚಾರ್ಜಿಗೆ ಹಚ್ಚುವ ಗೊಡವೆಯೂ ಇಲ್ಲ. ಆದರೂ ಮೊನೆಯನ್ನು ಹಲಗೆಯ ಮೇಲೆ ಒತ್ತಿ ಎಳೆದರೆ ಗೆರೆ ದಪ್ಪಗಾಗುತ್ತದೆ, ಕೈ ಸಡಿಲ ಬಿಟ್ಟರೆ ತೆಳ್ಳಗಾಗುತ್ತದೆ. ಮುಟ್ಟುವುದೇ ಬೇಡ, ಒಂದು ಸೆಂಟಿಮೀಟರಿನಷ್ಟು ಮೇಲೆ ಗಾಳಿಯಲ್ಲಿ ಹಿಡಿದು ಆಡಿಸಿದರೂ ಪರದೆಯ ಮೇಲಿನ ಗುರುತು ಅದರ ಹಿಂದೆಯೇ ಓಡುತ್ತದೆ! ಎಲ್ಲಿಂದ ಬಂತು ಇದಕ್ಕೆ ಜೀವ?

ಈ ಪ್ರಶ್ನೆ ನನ್ನ ತಲೆ ಹೊಕ್ಕದ್ದು ಚಿಂಚೋಳಿ ಎಂಐಡಿಸಿಯ ಚಹಾದಂಗಡಿಯೊಂದರ ಬೆಂಚಿನ ಮೇಲೆ. ಸೊಲ್ಲಾಪುರ ದಾಟಿ ಪುಣೆ ಹೆದ್ದಾರಿ ಹಿಡಿದರೆ ಮೋಹೋಳ ಊರಿಗಿಂತ ಮೊದಲೇ ಸಿಗುವ ಕೈಗಾರಿಕಾ ವಸಾಹತು ಇದು. ಕಾರಿನ ಎಂಜಿನ್ನಿಗೆ ಬೇಕಾದ ಕ್ಯಾಮ್‌ಶಾಫ್ಟ್ ಮಾಡುವ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಇಲ್ಲಿದೆ, ರಾಸಾಯನಿಕ ತಯಾರಿಸುವ ಬಾಲಾಜಿ ಅಮೈನ್ಸ್ ಇದೆ, ಇವುಗಳ ನಡುವೆ ಸಣ್ಣ-ದೊಡ್ಡ ಶೆಡ್ಡುಗಳ ಸಾಲು. ಶಿಫ್ಟ್ ಬಿಡುವ ಹೊತ್ತಿಗೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕಡೆಯ ಹಳ್ಳಿಗಳ ಹುಡುಗರ ಕನ್ನಡ ಇಲ್ಲಿಯ ಮರಾಠಿಯೊಳಗೆ ಬೆರೆತು ಕಿವಿಗೆ ಬೀಳುತ್ತದೆ. ಆ ಹುಡುಗರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಯಂತ್ರದ ಬಿಡಿಭಾಗಗಳ ಕ್ಯಾಡ್ ಡ್ರಾಯಿಂಗ್ ಮಾಡುವುದು ಅವನ ಕೆಲಸ. ಅವತ್ತು ಚಹಾ ಬರುವುದರೊಳಗೆ ಚೀಲದಿಂದ ಒಂದು ಕರಿಯ ಹಲಗೆ ತೆಗೆದ.

"ಏನೋ ಇದು, ಸಾಲಿ ಪಾಟಿ ತಂದೀಯಲ್ಲ?"

"ಪಾಟೀನ ಅನ್ಕೋರಿ ಮಾಮಾ. ಅಳಿಸಿದ್ರ ಬಳಪದ ಗುರುತ ಉಳಿಯಂಗಿಲ್ಲ, ಅಷ್ಟ ಫರಕ."

ಮೊಬೈಲಿಗೆ ಒಂದು ಒಟಿಜಿ ಪಿನ್ನು ಸಿಗಿಸಿದ, ಹಲಗೆಯ ವೈರನ್ನು ಅದಕ್ಕೆ ಜೋಡಿಸಿದ, ಪೆನ್ನು ಹಿಡಿದ. ಎದುರಿಗೆ ತೂಕದ ಕಾಂಟಾದ ಮುಂದೆ ಸರದಿಗೆ ನಿಂತಿದ್ದ ಲಾರಿಯ ಹಿಂಭಾಗ ಮೊಬೈಲಿನ ಪರದೆಯ ಮೇಲೆ ಮೂಡತೊಡಗಿತು. ಮೊದಲು ಬೂದು ಬಣ್ಣದ ಮುದ್ದೆ, ಆಮೇಲೆ ಗಾಲಿ, ಆಮೇಲೆ ಗಾಲಿಯ ಕೆಳಗಿನ ನೆರಳು. ಬಣ್ಣದ ಡಬ್ಬಿಯಿಲ್ಲ, ನೀರಿಲ್ಲ, ಒರೆಸುವ ಬಟ್ಟೆಯಿಲ್ಲ. ನನ್ನ ಚಹಾ ಆರಿಹೋಯಿತು.

ಪೆನ್ನಿನ ಗುಟ್ಟು ಆಮೇಲೆ ತಿಳಿದಾಗ ಬೆರಗು ಇನ್ನಷ್ಟು ಹೆಚ್ಚಿತು. ಹಲಗೆಯ ಒಳಗೆ ಉದ್ದಕ್ಕೂ ಅಡ್ಡಕ್ಕೂ ತಂತಿಗಳ ಜಾಲವಿದೆ. ಆ ತಂತಿಗಳು ಬಹಳ ಕ್ಷೀಣವಾದ ವಿದ್ಯುತ್ಕಾಂತ ಅಲೆ ಹೊರಡಿಸುತ್ತವೆ. ಪೆನ್ನಿನೊಳಗಿನ ತಂತಿಯ ಸುರುಳಿ ಅದೇ ಕಂಪನಕ್ಕೆ ಶ್ರುತಿಗೊಂಡಿರುವುದರಿಂದ ಆ ಶಕ್ತಿಯನ್ನು ಹೀರಿಕೊಂಡು ಮರುಗಳಿಗೆಯೇ ಹಿಂದಕ್ಕೆ ಮಿಡಿಯುತ್ತದೆ. ಹಲಗೆ ಒಮ್ಮೆ ಕಳಿಸುತ್ತದೆ, ಒಮ್ಮೆ ಕಿವಿಗೊಡುತ್ತದೆ, ಕಳಿಸುತ್ತದೆ, ಕಿವಿಗೊಡುತ್ತದೆ, ಹೀಗೆ ಸೆಕೆಂಡಿಗೆ ಸಾವಿರಾರು ಸಲ! ಯಾವ ಉದ್ದದ ತಂತಿ, ಯಾವ ಅಡ್ಡದ ತಂತಿ ಹೆಚ್ಚು ಜೋರಾಗಿ ಮರುದನಿ ಕೇಳಿಸಿಕೊಂಡಿತು ಎಂಬ ಲೆಕ್ಕದ ಮೇಲೆ ಪೆನ್ನು ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೊನೆ ಒತ್ತಿದಾಗ ಪೆನ್ನಿನ ಶ್ರುತಿ ಒಂದಿಷ್ಟೇ ಬದಲಾಗುತ್ತದೆ, ಆ ಬದಲಾವಣೆಯೇ ಒತ್ತಡದ ಅಳತೆ. ವಿದ್ಯುತ್ಕಾಂತ ಅನುರಣನ ಎಂಬ ಈ ತಂತ್ರವನ್ನು ಮನೆಮಾತಾಗಿಸಿದ್ದು 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ವ್ಯಾಕಾಮ್ ಕಂಪನಿ. 2011ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಫೋನಿನ ಪೆನ್ನೂ ಇದೇ ಮನೆತನದ್ದು.

ಉದ್ದದ ತಂತಿ, ಅಡ್ಡದ ತಂತಿ, ಎರಡೂ ಕೂಡುವ ಬಿಂದು. ಸೊಲ್ಲಾಪುರದಲ್ಲಿ ಬೆಳೆದವನ ಮುಂದೆ ಈ ಮಾತು ಆಡಿದರೆ ಅವನಿಗೆ ನೆನಪಾಗುವುದು ಎಲೆಕ್ಟ್ರಾನಿಕ್ಸ್ ಅಲ್ಲ. ಹಾಸು ಮತ್ತು ಹೊಕ್ಕು! ಊರಿನ ಇನ್ನೊಂದು ತುದಿಗೆ, ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ, ಹಗಲೂ ರಾತ್ರಿ ಖಟಖಟ ಅನ್ನುವ ಮಗ್ಗಗಳು ಟವೆಲ್ಲು, ಚಾದರ ನೇಯುವುದು ಇದೇ ಲೆಕ್ಕದ ಮೇಲೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಚ್ಚು. ಟ್ಯಾಬ್ಲೆಟ್ಟಿನ ಮೇಲೆ ಚಿತ್ರ ಬಿಡಿಸುವುದೆಂದರೆ ಎಲ್ಲೋ ಕ್ಯಾಲಿಫೋರ್ನಿಯಾದಿಂದ ಹಾರಿ ಬಂದ ವಿದ್ಯೆ ಎಂದುಕೊಂಡಿದ್ದೆ. ಅದರ ತಾಯಿಯ ಕಡೆಯ ನೆಂಟರು ಅಕ್ಕಲಕೋಟೆ ರಸ್ತೆಯಲ್ಲಿದ್ದಾರೆ, ತಂದೆಯ ಕಡೆಯವರು ಚಿಂಚೋಳಿಯಲ್ಲಿದ್ದಾರೆ!

ಮೊದಲು ತಂದೆಯ ಕಡೆಯವರನ್ನು ನೋಡೋಣ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ಟಿಎಕ್ಸ್-2 ಎಂಬ ದೈತ್ಯ ಕಂಪ್ಯೂಟರಿನ ಮುಂದೆ ಕೂತು, ಬೆಳಕಿನ ಪೆನ್ನಿನಿಂದ ಪರದೆಯನ್ನೇ ಮುಟ್ಟಿ ಗೆರೆ ಎಳೆದ. ಕಂಪ್ಯೂಟರಿಗೆ ಕಾರ್ಡು ತಿನ್ನಿಸಿ ಉತ್ತರಕ್ಕೆ ಕಾಯುತ್ತಿದ್ದ ಕಾಲ ಅದು! ಸ್ಕೆಚ್‌ಪ್ಯಾಡ್ ಎಂಬ ಅವನ ಆ ಪ್ರೋಗ್ರಾಮು ಇವತ್ತಿನ ಎಲ್ಲ ಕ್ಯಾಡ್ ಸಾಫ್ಟ್‌ವೇರುಗಳ ಮೂಲಪುರುಷ. ಚಿಂಚೋಳಿಯ ಶೆಡ್ಡಿನಲ್ಲಿ ಕೂತು ನನ್ನ ಅಳಿಯ ತೂತಿನ ವ್ಯಾಸ, ಅಂಚಿನ ಬಾಗು ತಿದ್ದುವಾಗ ಆ ಪ್ರೋಗ್ರಾಮಿನ ಋಣದಲ್ಲೇ ಇರುತ್ತಾನೆ. ಮರುವರ್ಷವೇ, 1964ರಲ್ಲಿ, ರ‍್ಯಾಂಡ್ ಸಂಸ್ಥೆ ಹತ್ತಿಂಚು ಅಗಲ ಹತ್ತಿಂಚು ಉದ್ದದ ಒಂದು ಹಲಗೆ ಮಾಡಿತು. ಒಳಗೆ ಇಂಚಿಗೆ ನೂರು ತಾಮ್ರದ ಗೆರೆ, ಎರಡೂ ದಿಕ್ಕಿಗೆ. ಅಂದರೆ ಹತ್ತು ಲಕ್ಷಕ್ಕೂ ಮೇಲೆ ಬಿಂದುಗಳನ್ನು ಗುರುತಿಸಬಲ್ಲ ಹಲಗೆ. ಇವತ್ತು ಮೂರು-ನಾಲ್ಕು ಸಾವಿರ ರೂಪಾಯಿಗೆ ಸಿಗುವ ಕರಿ ಹಲಗೆಯ ಅಜ್ಜ ಅದು.

ಈಗ ತಾಯಿಯ ಕಡೆ. ಭೌಗೋಳಿಕ ಸೂಚ್ಯಂಕದ ಗುರುತು ಪಡೆದ ಸೊಲ್ಲಾಪುರ ಚಾದರ ನಮ್ಮ ಕಡೆ ಇಲ್ಲದ ಮನೆ ಉಂಟೇ? ಅದರ ಮೇಲಿನ ನವಿಲೋ ಹೂಬಳ್ಳಿಯೋ ಅಚ್ಚು ಹಾಕಿದ್ದಲ್ಲ, ಎಳೆಯಲ್ಲೇ ನೇಯ್ದದ್ದು. ಚಾದರವನ್ನು ತಿರುವಿ ಹಾಕಿದರೆ ಅದೇ ನವಿಲು ಬಣ್ಣ ಅದಲುಬದಲಾಗಿ ಕಾಣುತ್ತದೆ. ಇದನ್ನು ಮಾಡುವುದು ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡ್. ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮೇರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಸಾಧನ. ಕೆಲಸ ಹೀಗೆ: ಡಿಸೈನ್ ಮಾಡುವವನು ಗ್ರಾಫ್ ಹಾಳೆಯ ಮೇಲೆ ಚಿತ್ರವನ್ನು ಚೌಕ ಚೌಕವಾಗಿ ತುಂಬುತ್ತಾನೆ. ಒಂದು ಉದ್ದಸಾಲು ಅಂದರೆ ಹಾಸಿನ ಎಳೆ, ಒಂದು ಅಡ್ಡಸಾಲು ಅಂದರೆ ಹೊಕ್ಕಿನ ಒಂದು ಹಾಯುವಿಕೆ. ಪ್ರತಿ ಅಡ್ಡಸಾಲಿಗೂ ಒಂದು ರಟ್ಟಿನ ಕಾರ್ಡು. ಚೌಕ ತುಂಬಿದ್ದಲ್ಲಿ ತೂತು, ಖಾಲಿ ಇದ್ದಲ್ಲಿ ತೂತಿಲ್ಲ. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಹುಕ್ಕು ಮೇಲೇಳುತ್ತದೆ, ಎಳೆಯೂ ಮೇಲೇಳುತ್ತದೆ. ಇಲ್ಲದಲ್ಲಿ ಸುಮ್ಮನಿರುತ್ತದೆ. ಹೌದು ಅಥವಾ ಇಲ್ಲ. ಒಂದು ಅಥವಾ ಸೊನ್ನೆ!

ಗ್ರಾಫ್ ಹಾಳೆಯ ಆ ಒಂದು ಚೌಕವೇ ಪಿಕ್ಸೆಲ್. ನಾನು ಉಪಮೆ ಹೇಳುತ್ತಿಲ್ಲ, ಅದು ಅಕ್ಷರಶಃ ಪಿಕ್ಸೆಲ್ಲೇ. 1839ರಲ್ಲಿ ಲಿಯೋನಿನಲ್ಲಿ ಜಕಾರ್ಡನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು, ಅದಕ್ಕೆ ಬೇಕಾದ ಕಾರ್ಡುಗಳು ಸುಮಾರು 24,000. ನೋಡಿದವರು ತಾಮ್ರದ ಅಚ್ಚಿನಿಂದ ಒತ್ತಿದ ಚಿತ್ರ ಎಂದು ಮೋಸಹೋಗುತ್ತಿದ್ದರು. ಅದರ ಒಂದು ಪ್ರತಿಯನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತರಿಸಿಕೊಂಡು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಕಂಪ್ಯೂಟರಿನ ಪೂರ್ವಜ ಎನಿಸಿದ ಯಂತ್ರದ ನಕ್ಷೆ ಮಾಡಿದ ಬ್ಯಾಬೇಜ್! ಜಕಾರ್ಡ್ ಮಗ್ಗ ಹೂವು ಎಲೆ ನೇಯುವಂತೆ ಆ ಯಂತ್ರ ಬೀಜಗಣಿತವನ್ನು ನೇಯುತ್ತದೆ ಎಂಬ ಅರ್ಥದ ಮಾತನ್ನು ಏಡಾ ಲವ್‌ಲೇಸ್ 1843ರಲ್ಲೇ ಬರೆದಳು. ನಮ್ಮೂರಿನ ಜಕಾರ್ಡಿನ ಮೇಲೆ ದಾರ ಹೊಲಿದು ತೂಗುಬಿಟ್ಟ ಕಾರ್ಡಿನ ಸರಗಳ ಕೆಳಗೆ ನಾನು ಎಷ್ಟು ಸಲ ಓಡಾಡಿದ್ದೇನೆ! ಕಂಪ್ಯೂಟರ್ ಚಿತ್ರವೊಂದು ಕಣ್ಣೆದುರೇ ಜೋತುಬಿದ್ದಿತ್ತು.

ಎರಡೂ ವಂಶ ಕೂಡಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಶಾಲೆಯಲ್ಲಿ. ರಿಚರ್ಡ್ ಶೌಪ್ ಎಂಬಾತ ಸೂಪರ್‌ಪೇಂಟ್ ಎಂಬ ವ್ಯವಸ್ಥೆ ಕಟ್ಟಿದ. 640ಕ್ಕೆ 480 ಚೌಕಗಳ ಪರದೆ, ಪ್ರತಿ ಚೌಕಕ್ಕೆ 256 ಬಣ್ಣಗಳಲ್ಲಿ ಒಂದು, ಕೈಯಲ್ಲಿ ಪೆನ್ನು. ಅಷ್ಟೇ. ಉಳಿದದ್ದೆಲ್ಲ ಅದರ ವಿಸ್ತಾರ. ಇವತ್ತು ಕೆಂಪು, ಹಸಿರು, ನೀಲಿ ಮೂರಕ್ಕೂ ತಲಾ 256 ಮೆಟ್ಟಿಲು, ಗುಣಿಸಿದರೆ 1,67,77,216 ಬಣ್ಣ. ಒಂದು ಎ4 ಹಾಳೆಯನ್ನು ಇಂಚಿಗೆ 300 ಚೌಕದಂತೆ ತೆರೆದರೆ 2,480ಕ್ಕೆ 3,508, ಅಂದರೆ ಸುಮಾರು 87 ಲಕ್ಷ ಚೌಕ. ಗ್ರಾಫ್ ಹಾಳೆಯವನು ವಾರಗಟ್ಟಲೆ ತುಂಬುತ್ತಿದ್ದ ಚೌಕಗಳನ್ನು ಕುಂಚದ ಒಂದು ಬೀಸಿನಲ್ಲಿ ತುಂಬುತ್ತೀರಿ!

ಸರಿ, ಶುರು ಮಾಡುವುದು ಹೇಗೆ? ನನ್ನ ಅಳಿಯ ಹೇಳಿದ್ದು, ನಾನು ಮಾಡಿ ನೋಡಿದ್ದು ಎರಡನ್ನೂ ಕೂಡಿಸಿ ಹೇಳುತ್ತೇನೆ.

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಟ್ಯಾಬ್ಲೆಟ್ಟು ಒತ್ತಡ ಗುರುತಿಸುವ ಪೆನ್ನಿಗೆ ಒಗ್ಗುತ್ತದೆಯೇ? ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಲ್ಲಿ ಬಹಳಷ್ಟು ಒಗ್ಗುವುದಿಲ್ಲ. ಅದರ ಜತೆ ಕೊಡುವ ರಬ್ಬರ್ ಮೊನೆಯ ಕಡ್ಡಿ ಬರೀ ಬೆರಳಿನ ಬದಲಿ, ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ಅದನ್ನು ಕೊಂಡು ಬೇಸತ್ತು ಬಿಟ್ಟವರನ್ನು ನಾನು ಬಲ್ಲೆ. ಅದರ ಬದಲು ಪರದೆಯಿಲ್ಲದ ಕರಿ ಹಲಗೆ ಕೊಳ್ಳಿ. ವ್ಯಾಕಾಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಎಲ್ಲರದೂ ಚಿಕ್ಕ ಅಳತೆಯವು ಸಿಗುತ್ತವೆ, ಹಲವು ಆಂಡ್ರಾಯ್ಡ್ ಮೊಬೈಲಿಗೂ ಕೂಡುತ್ತವೆ. ಲ್ಯಾಪ್‌ಟಾಪ್ ಇಲ್ಲದ ಶಿಫ್ಟ್ ಹುಡುಗನಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಡಬ್ಬಿಯ ಮೇಲೆ ಒತ್ತಡದ ಮಟ್ಟ 2,048, 4,096, 8,192 ಎಂದೆಲ್ಲ ಬರೆದಿರುತ್ತಾರೆ. ಅದು ಮಾರುವವರ ಜಂಬದ ಅಂಕಿ, ಹೊಸಬನ ಕೈಗೆ 2,048ರಲ್ಲೇ ಬೇಕಾದಷ್ಟಾಗಿ ಉಳಿಯುತ್ತದೆ. ಐಪ್ಯಾಡ್ ಮತ್ತು 2015ರಿಂದ ಬಂದಿರುವ ಆಪಲ್ ಪೆನ್ಸಿಲ್ ಸೊಗಸೇ ಹೌದು, ಆದರೆ ಚಿಂಚೋಳಿಯ ಪಗಾರದಲ್ಲಿ ಅದರ ಮಾತು ಈಗ ಬೇಡ.

ಕರಿ ಹಲಗೆಗೆ ಒಂದು ಕಾಟವಿದೆ. ಕೈ ಇಲ್ಲಿ, ಕಣ್ಣು ಅಲ್ಲಿ. ಹಲಗೆ ನೋಡದೆ ಪರದೆ ನೋಡುತ್ತ ಗೆರೆ ಎಳೆಯಬೇಕು. ಮೊದಲಿಗೆ ಒಂದು ಗುಂಡು ಸೊನ್ನೆ ಎಳೆದರೂ ಬದನೆಕಾಯಿ ಬರುತ್ತದೆ. ಹಲಗೆಯ ಅಗಲ-ಉದ್ದದ ಪ್ರಮಾಣ ಪರದೆಯ ಪ್ರಮಾಣಕ್ಕೆ ಹೊಂದುವಂತೆ ಸೆಟ್ಟಿಂಗಿನಲ್ಲಿ ತಿದ್ದಿಕೊಂಡರೆ ಅರ್ಧ ಕಾಟ ತೀರಿತು. ಇನ್ನರ್ಧ ಅಭ್ಯಾಸದಿಂದಲೇ. ಸಾಫ್ಟ್‌ವೇರಿನಲ್ಲಿ ಸ್ಟೆಬಿಲೈಸರ್ ಎಂಬ ಸೌಲಭ್ಯವಿರುತ್ತದೆ, ನಡುಗುವ ಗೆರೆಯನ್ನು ಅದು ನಯವಾಗಿಸುತ್ತದೆ. ಬಳಸಿ, ಸಂಕೋಚ ಬೇಡ. ಒಂದು ದಿನ ಎಚ್ಚರಾಗುವಾಗ ನಿಮ್ಮ ಕೈಗೆ ಪರದೆಯ ಮೂಲೆ ಮೂಲೆ ಗೊತ್ತಾಗಿರುತ್ತದೆ. ಮಗ್ಗದವನು ಲಾಳಿ ನೋಡದೆಯೇ ಮಾತಾಡುತ್ತ ನೇಯುವುದಿಲ್ಲವೇ?

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ. ಮೊಬೈಲಿನಲ್ಲಾದರೆ ಐಬಿಸ್ ಪೇಂಟ್ ಇದೆ, ಜಾಹೀರಾತು ಸಹಿಸಿಕೊಂಡರೆ ಪುಕ್ಕಟೆ. ನೀವು ಬಿಡಿಸಿದ್ದನ್ನೆಲ್ಲ ತಾನೇ ವಿಡಿಯೋ ಮಾಡಿಟ್ಟುಕೊಳ್ಳುತ್ತದೆ. ಕಂಪ್ಯೂಟರಿನಲ್ಲಾದರೆ ಕ್ರಿತಾ. ಇದು ಪೂರ್ತಿ ಮುಕ್ತ ತಂತ್ರಾಂಶ, ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ಕಟ್ಟಿದ್ದು. ಇದನ್ನು ಆಂಡ್ರಾಯ್ಡಿಗೆ ತಂದ ಕೆಲಸ 2019ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಶರಫ್ ಜಮಾನ್ ಎಂಬ ವಿದ್ಯಾರ್ಥಿಯದು. ಮರುವರ್ಷ ಪ್ಲೇ ಸ್ಟೋರಿಗೂ ಬಂತು. ಒಂದು ಕಿವಿಮಾತು: ಇವುಗಳಲ್ಲಿ ಕುಂಚಗಳು ನೂರಾರು ಇರುತ್ತವೆ. ಮೋಡದ ಕುಂಚ, ಎಲೆಯ ಕುಂಚ, ಹುಲ್ಲಿನ ಕುಂಚ. ಸಂತೆಗೆ ಬಂದ ಮಗುವಿನಂತೆ ಅವುಗಳ ಹಿಂದೆ ಹೋಗಬೇಡಿ. ಗುಂಡನೆಯ ಗಟ್ಟಿ ಕುಂಚ ಒಂದು, ಮೆತ್ತನೆಯದು ಒಂದು ಸಾಕು.

ಮೊದಲ ಚಿತ್ರಕ್ಕೆ ಏನು ತೆಗೆದುಕೊಳ್ಳಬೇಕು? ಮುಖ ಬೇಡ, ದೇವರ ಪಟ ಬೇಡ. ಖಡಕ್ ರೊಟ್ಟಿ ತೆಗೆದುಕೊಳ್ಳಿ! ಸೊಲ್ಲಾಪುರ-ಅಕ್ಕಲಕೋಟೆಯಲ್ಲಿ ಅದಕ್ಕೆ ಬರವಿಲ್ಲ. ಮೇಲಾಗಿ ಅದಕ್ಕೆ ನಿಖರವಾದ ಅಂಚಿಲ್ಲ, ಸೊಟ್ಟಗಾದರೂ ಅದು ರೊಟ್ಟಿಯೇ. ತಟ್ಟೆಯ ಮೇಲಿಟ್ಟು ಕಿಟಕಿಯ ಪಕ್ಕಕ್ಕೆ ಹಿಡಿದು ನೋಡಿ: ಜೋಳದ ಬಿಳಿ ಎಂದುಕೊಂಡದ್ದು ಬಿಳಿಯೇ ಅಲ್ಲ. ಬೆಳಕಿನ ಮಗ್ಗುಲಿಗೆ ಸ್ವಲ್ಪ ಹಳದಿ, ನೆರಳಿನ ಮಗ್ಗುಲಿಗೆ ನೀಲಿ ಸೇರಿದ ಬೂದು, ಉಬ್ಬಿದಲ್ಲಿ ಕಂದು ಚುಕ್ಕೆ, ಅಂಚಿಗೆ ಕರಕಲು. ಮೊದಲ ಪದರದ ಮೇಲೆ ರೊಟ್ಟಿಯ ಆಕಾರವನ್ನು ಒಂದೇ ಮಾಸಲು ಬಣ್ಣದಲ್ಲಿ ತುಂಬಿ. ಆಮೇಲೆ ಆಲ್ಫಾ ಲಾಕ್ ಒತ್ತಿ. ಈಗ ನೀವು ಎಷ್ಟೇ ಅಡ್ಡಾದಿಡ್ಡಿ ಕುಂಚ ಬೀಸಿ, ಒಂದು ಹನಿ ಬಣ್ಣವೂ ರೊಟ್ಟಿಯ ಅಂಚು ದಾಟುವುದಿಲ್ಲ!

ಇದು ಹೇಗೆ? ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳ ಜತೆ ನಾಲ್ಕನೆಯದೊಂದು ಇದೆ. ಇಲ್ಲಿ ಬಣ್ಣ ಎಷ್ಟು ಗಟ್ಟಿ, ಎಷ್ಟು ಪಾರದರ್ಶಕ ಎಂದು ಹೇಳುವ ಸಂಖ್ಯೆ. ಅದೇ ಆಲ್ಫಾ. 1970ರ ದಶಕದ ಕೊನೆಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಕಂಡುಕೊಂಡದ್ದು. ಇಬ್ಬರೂ ಮುಂದೆ ಪಿಕ್ಸಾರ್ ಸ್ಥಾಪಿಸಿದರು. ಪದರಗಳ ಮಾಯೆಯೆಲ್ಲ ನಿಂತಿರುವುದು ಈ ನಾಲ್ಕನೆಯ ಸಂಖ್ಯೆಯ ಮೇಲೆ. ಮೇಲಿನ ಪದರದಲ್ಲಿ ಆಲ್ಫಾ ಸೊನ್ನೆ ಇದ್ದಲ್ಲಿ ಕೆಳಗಿನದು ಕಾಣುತ್ತದೆ, ಪೂರ್ತಿ ಇದ್ದಲ್ಲಿ ಮುಚ್ಚಿಹೋಗುತ್ತದೆ. ಕಚ್ಚಾ ಗೆರೆ ಒಂದು ಪದರ, ಬಣ್ಣ ಒಂದು, ನೆರಳು ಒಂದು, ತಟ್ಟೆ ಒಂದು, ಪಕ್ಕದ ಶೇಂಗಾ ಹಿಂಡಿ ಒಂದು. ಹಿಂಡಿಯ ಕೆಂಪು ಹೆಚ್ಚಾಯಿತೆ? ಆ ಪದರವನ್ನಷ್ಟೇ ಬದಲಿಸಿ, ರೊಟ್ಟಿಗೆ ಗೊತ್ತೂ ಆಗುವುದಿಲ್ಲ.

ನೆರಳಿನ ಪದರಕ್ಕೆ ಮಲ್ಟಿಪ್ಲೈ ಎಂಬ ವಿಧಾನ ಆರಿಸಿ. ಬಿಳಿಗೆ 1, ಕಪ್ಪಿಗೆ 0 ಎಂದಿಟ್ಟುಕೊಂಡು ಮೇಲಿನ ಕೆಳಗಿನ ಬಣ್ಣಗಳನ್ನು ಗುಣಿಸುವುದು, ಅಷ್ಟೇ ಅದರ ಕೆಲಸ. ರೊಟ್ಟಿಯ ಬಣ್ಣ 0.8, ನೆರಳಿನದು 0.5 ಇದ್ದರೆ ಗುಣಲಬ್ಧ 0.4. ಒಂದಕ್ಕಿಂತ ಕಡಿಮೆ ಇರುವ ಎರಡನ್ನು ಗುಣಿಸಿದರೆ ಆ ಎರಡೂ ಸಂಖ್ಯೆಗಳಿಗಿಂತ ಕಡಿಮೆಯೇ ಬರಬೇಕಲ್ಲ. ಹಾಗಾಗಿ ಚಿತ್ರ ಕಪ್ಪಾಗುತ್ತದೆ, ಆದರೆ ಕೆಳಗಿನ ಕಂದು ಚುಕ್ಕೆಗಳು ಉಳಿಯುತ್ತವೆ. ನಾಲ್ಕನೇ ಇಯತ್ತೆಯ ಗುಣಾಕಾರದಿಂದ ಕಿಟಕಿಯ ನೆರಳು ಹುಟ್ಟುತ್ತದೆ! ನನಗೆ ಇದನ್ನು ನೋಡಿ ಸಾಲಿಯ ಗಣಿತದ ಮಾಸ್ತರರ ಮೇಲೆ ಹಳೆಯ ಸಿಟ್ಟು ಮತ್ತೆ ಬಂತು. ಅವರು ಇದೊಂದನ್ನು ತೋರಿಸಿದ್ದರೆ ಸಾಕಿತ್ತು.

ಪದರ ಎಷ್ಟಾದರೂ ಹಾಕಬಹುದೇ ಎಂದರೆ, ಇಲ್ಲ. 87 ಲಕ್ಷ ಚೌಕ, ಪ್ರತಿಯೊಂದಕ್ಕೂ ನಾಲ್ಕು ಬೈಟ್. ಒಂದು ಪದರಕ್ಕೇ ಸುಮಾರು 35 ಎಂಬಿ ನೆನಪು ಬೇಕು. ಮೊಬೈಲು ಬಿಸಿಯಾಗಿ ಇನ್ನು ಪದರ ಕೊಡೆನೆಂದು ಮುಷ್ಕರ ಹೂಡುವುದು ಇದಕ್ಕೇ. ಕಲಿಯುವಾಗ ಸಣ್ಣ ಹಾಳೆ ಸಾಕು.

ಮುದ್ರಣದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪರದೆ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ಪರದೆಯಲ್ಲಿ ಮಿಂಚುವ ಗಿಳಿಹಸಿರನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟರೆ ಮಂಕಾಗಿ ಬರುತ್ತದೆ. ಅಲ್ಲಿಯವರನ್ನು ಬೈಯಬೇಡಿ, ನೀಲಿ-ಕೆನ್ನೇರಳೆ-ಹಳದಿ-ಕಪ್ಪು ಮಸಿಗಳಿಗೆ ಆ ಹಸಿರು ಎಟಕುವುದಿಲ್ಲ.

ಫ್ಲೆಕ್ಸ್ ಎಂದಾಗ ಕೈಯಿಂದ ಬರೆದ ಸಿನಿಮಾ ಬ್ಯಾನರು ನೆನಪಾಗದೆ ಇರದು. ಚಿಕ್ಕ ಫೋಟೋದ ಮೇಲೆ ಚೌಕ ಹಾಕಿ, ದೊಡ್ಡ ಬಟ್ಟೆಯ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದೇ ಚೌಕವನ್ನು ಹಿಗ್ಗಿಸುತ್ತಿದ್ದರು. ಮತ್ತೆ ಅದೇ ಚೌಕ! ಈ ಜಿಲ್ಲೆಯ ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ. ಎಫ್. ಹುಸೇನ್ ಮುಂಬಯಿಯಲ್ಲಿ ಹೊಟ್ಟೆ ಹೊರೆದದ್ದು ಸಿನಿಮಾ ಹೋರ್ಡಿಂಗ್ ಬರೆದೇ. ಈ ಕಡೆ ಕಲಬುರಗಿಯಲ್ಲಿ ಮರುವರ್ಷ ಹುಟ್ಟಿದ ಎಸ್. ಎಂ. ಪಂಡಿತ್ ಕೂಡ ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರಿನ ದೇವರುಗಳನ್ನು ಬರೆದು ದೇಶದ ಗೋಡೆಗಳನ್ನೆಲ್ಲ ತುಂಬಿದರು. ಪಂಢರಪುರ, ಕಲಬುರಗಿ ಎರಡರ ನಡುವೆ ಸೊಲ್ಲಾಪುರ. ಈ ನೆಲಕ್ಕೆ ಬಣ್ಣ ಹೊಸದಲ್ಲ ಎಂದು ಬೇರೆ ಹೇಳಬೇಕೇ?

ವಯಸ್ಸಾಯಿತು, ಇನ್ನೇನು ಕಲಿಯೋದು ಎನ್ನುವವರಿಗೆ ಡೇವಿಡ್ ಹಾಕ್ನಿ ಇದ್ದಾನೆ. 1937ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಕಲಾವಿದ ಎಪ್ಪತ್ತು ದಾಟಿದ ಮೇಲೆ, 2009ರ ಹೊತ್ತಿಗೆ, ಐಫೋನಿನ ಮೇಲೆ ಬೆರಳಿನಿಂದ ಹೂವು, ಸೂರ್ಯೋದಯ ಬಿಡಿಸಿ ಗೆಳೆಯರಿಗೆ ಕಳಿಸತೊಡಗಿದ. 2010ರಲ್ಲಿ ಐಪ್ಯಾಡ್ ಬಂದದ್ದೇ ತಡ, ಅದಕ್ಕೆ ಹಾರಿದ. ಹಾಸಿಗೆಯಿಂದ ಏಳದೆ, ದೀಪ ಹಚ್ಚದೆ, ಕಿಟಕಿಯಾಚೆ ಬೆಳಗಾಗುವುದನ್ನು ಕತ್ತಲಲ್ಲೇ ಕೂತು ಬಿಡಿಸಬಹುದು, ಏಕೆಂದರೆ ಹಾಳೆಯೇ ಬೆಳಕು! ಎಣ್ಣೆಬಣ್ಣದವನು ದೀಪ ಹಚ್ಚಿ ಬಣ್ಣ ಕಲಸುವುದರೊಳಗೆ ಸೂರ್ಯ ಮೇಲೆ ಬಂದಿರುತ್ತಾನೆ.

ಅಂದಹಾಗೆ, ಚಹಾದಂಗಡಿಯ ಮುಂದಿನ ಆ ಲಾರಿಯ ಹಿಂದೆ ಕೇಸರಿ-ಕಪ್ಪಿನ ಹನುಮಂತನ ಮುಖ ಅಂಟಿಸಿತ್ತು. ದೇಶದ ಕಾರು, ಲಾರಿ, ಬೈಕುಗಳ ಮೇಲೆಲ್ಲ ಹುಬ್ಬು ಗಂಟಿಕ್ಕಿ ನೋಡುವ ಹನುಮಂತ. ಅದನ್ನು ರಚಿಸಿದ್ದು ಕಾಸರಗೋಡಿನ ಕರಣ್ ಆಚಾರ್ಯ, 2015ರಲ್ಲಿ, ತಮ್ಮೂರಿನ ಹುಡುಗರು ಗಣೇಶ ಚೌತಿಗೆ ಒಂದು ಧ್ವಜ ಬೇಕೆಂದು ಕೇಳಿದ್ದಕ್ಕೆ. ಒಂದೂರಿನ ಧ್ವಜ ಪುಣೆ ಹೆದ್ದಾರಿಯ ಲಾರಿಯ ತನಕ ಹಬ್ಬಿತು! ಅದು ಪಿಕ್ಸೆಲ್ಲಿನದಲ್ಲ, ವೆಕ್ಟರ್ ಚಿತ್ರ. ಚೌಕ ತುಂಬುವ ಬದಲು ಗೆರೆಯ ಬಾಗನ್ನು ಗಣಿತದ ಸೂತ್ರವಾಗಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಹೆಬ್ಬೆರಳಿನಷ್ಟು ಮಾಡಿದರೂ ಲಾರಿಯಷ್ಟು ಮಾಡಿದರೂ ಅಂಚು ಒಡೆಯುವುದಿಲ್ಲ. ಸದರ್ಲೆಂಡನ ಸ್ಕೆಚ್‌ಪ್ಯಾಡ್ ಮಾಡಿದ್ದೂ ಅದನ್ನೇ, ನನ್ನ ಅಳಿಯನ ಕ್ಯಾಡ್ ಮಾಡುವುದೂ ಅದನ್ನೇ. ಅಳಿಯನಿಗೆ ಇದನ್ನು ಹೇಳಿದಾಗ ಲಾರಿಯ ಕಡೆ ಹೊಸಬನ ಹಾಗೆ ನೋಡಿದ. "ಹಂಗಾದ್ರ ನಾ ಹಗಲೆಲ್ಲ ಹನುಮಪ್ಪನ ಕೆಲಸಾನ ಮಾಡಾಕತ್ತೀನಿ ಅನ್ರಿ."

ಇಷ್ಟೆಲ್ಲ ತಿಳಿದ ಮೇಲೆ ಮನಸ್ಸು ತಡೆಯಲಿಲ್ಲ. ಟ್ಯಾಬ್ಲೆಟ್ಟಿನ ಚಿತ್ರ ಮಗ್ಗಕ್ಕೆ ಹಿಂದಿರುಗಬಲ್ಲದೇ? ಖಂಡಿತ. 1983ರಲ್ಲಿ, ವ್ಯಾಕಾಮ್ ಹುಟ್ಟಿದ ವರ್ಷವೇ, ಮಿಲಾನಿನ ಜವಳಿ ಯಂತ್ರಗಳ ಮೇಳದಲ್ಲಿ ಬೋನಾಸ್ ಕಂಪನಿ ಎಲೆಕ್ಟ್ರಾನಿಕ್ ಜಕಾರ್ಡ್ ಮುಂದಿಟ್ಟಿತು. ರಟ್ಟಿನ ಕಾರ್ಡು ಹೋಗಿ ಫೈಲು ಬಂತು. ಬಿಟ್‌ಮ್ಯಾಪ್ ಫೈಲಿನ ಒಂದು ಪಿಕ್ಸೆಲ್ಲಿಗೆ ಒಂದು ಹುಕ್ಕು, ಒಂದು ಸಾಲಿಗೆ ಒಂದು ಹೊಕ್ಕು. ಹಾಗಿದ್ದ ಮೇಲೆ ಸುಮ್ಮನಿರುವುದುಂಟೇ? ನಾನೂ ಅಳಿಯನೂ ನನ್ನ ರೊಟ್ಟಿಯ ಚಿತ್ರ ಹಿಡಿದು ಅಕ್ಕಲಕೋಟೆ ರಸ್ತೆ ಎಂಐಡಿಸಿಗೆ ಹೋದೆವು. ಗ್ರಾಫ್ ಹಾಳೆಯ ಕಾಲದಿಂದ ಚಾದರದ ಡಿಸೈನ್ ಮಾಡಿಕೊಂಡು ಬಂದ ಹಿರಿಯರೊಬ್ಬರಿದ್ದಾರೆ. ತೆಲುಗು, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವ ಮನುಷ್ಯ. ಈಗ ಅವರ ಮೇಜಿನ ಮೇಲೂ ಕಂಪ್ಯೂಟರಿದೆ.

ಫೈಲು ತೆರೆದರು. ಕನ್ನಡಕ ಮೇಲೇರಿಸಿ ರೊಟ್ಟಿಯನ್ನು ಒಂದೊಂದು ಚೌಕ ಕಾಣುವಷ್ಟು ದೊಡ್ಡದು ಮಾಡಿ ನೋಡಿದರು. ನಯವೆಂದು ನಾನು ಬೀಗುತ್ತಿದ್ದ ನೆರಳು ಅಲ್ಲಿ ನೂರೆಂಟು ಬೂದುಗಳ ಚೆಲ್ಲಾಪಿಲ್ಲಿಯಾಗಿ ಕಂಡಿತು.

"ಎಷ್ಟ ಬಣ್ಣ ಹಚ್ಚೀರಿ ಸರ್ ಇದಕ್ಕ! ಮಗ್ಗಕ್ಕ ಇಷ್ಟ ನಡಿಯಂಗಿಲ್ಲ. ನಾಕ ಇರ್ಲಿ."

ಅವರು ಎರಡು ಕ್ಲಿಕ್ಕಿನಲ್ಲಿ ಬಣ್ಣಗಳನ್ನು ನಾಲ್ಕಕ್ಕಿಳಿಸಿದರು. ಒಂದೊಂದು ಬಣ್ಣಕ್ಕೂ ಒಂದೊಂದು ಬಗೆಯ ನೇಯ್ಗೆ ಕೊಡಬೇಕಂತೆ. ಎಳೆ ಬಹಳ ದೂರ ಕಟ್ಟಿಲ್ಲದೆ ಮೇಲೆಯೇ ಓಡಿದರೆ ಬಳೆಗೋ ಕಾಲುಗೆಜ್ಜೆಗೋ ಸಿಕ್ಕಿ ಕಿತ್ತುಬರುತ್ತದೆ, ಅದಕ್ಕೆ ನಡುನಡುವೆ ಕಟ್ಟು ಹಾಕಬೇಕು. ಒಂಟಿಯಾಗಿ ಉಳಿದ ಚೌಕಗಳನ್ನು ಒಂದೊಂದಾಗಿ ಅಳಿಸಬೇಕು. ಅಳಿಯ ಪೆನ್ನು ತೆಗೆದು ಕೂತೇಬಿಟ್ಟ. ರೊಟ್ಟಿಯ ಕರಕಲು ಅಂಚು ಮೆಟ್ಟಿಲು ಮೆಟ್ಟಿಲಾಗಿ ನಿಂತಿತು, ಕಂದು ಚುಕ್ಕೆಗಳು ಚೌಕಗಳ ಗುಂಪಾದವು. ನನ್ನ ಕಣ್ಣಿಗೆ ಅದು ಇನ್ನೂ ಚಂದ ಕಂಡಿತು. ಹಿರಿಯರು ಮಾತ್ರ ಕುರ್ಚಿಗೆ ಒರಗಿ ತಲೆಯಾಡಿಸಿದರು.

"ಕೆಲಸ ಛೊಲೊ ಐತ್ರಿ. ಆದ್ರ ಒಂದ ಮಾತ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ಸಲ ನವಿಲ ತರ್ರಿ. ರೊಟ್ಟಿ ಹೊಚ್ಕೊಂಡ ಮಲಗವ್ರು ಯಾರ ಅದಾರ?"